ಬಾದಾಮಿ ಬಂಡೆಯ ಸಂದಿಯಲ್ಲಿ ಆಲ ಬಿತ್ತಿದವರು ಯಾರು?

ಬಾದಾಮಿ ಮಾಸ್ತರ

ಎಲ್ಲರಿಗೂ ನಮಸ್ಕಾರ. ದೀಪಾವಳಿ ರಜೆ ಮುಗಿದು ಶಾಲೆ ಶುರುವಾಗಿದೆ. ಆರನೇ ತರಗತಿಗೆ ಈಗ ಬೀಜ ಹರಡುವ ಪಾಠ ಮಾಡುತ್ತಿದ್ದೇನೆ. ತೆಂಗಿನಕಾಯಿ ಸಮುದ್ರದಲ್ಲಿ ತೇಲುತ್ತ ಹೋಗಿ ಬೇರೆ ದಂಡೆಯಲ್ಲಿ ಮೊಳೆಯುತ್ತದೆ ಎಂದು ಹೇಳಿದೆ. ನಮ್ಮ ಮಕ್ಕಳಲ್ಲಿ ಸಮುದ್ರ ನೋಡಿದವರು ಇಬ್ಬರೇ. ಹಾಗಾಗಿ ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ ಎಲ್ಲರನ್ನೂ ಅಗಸ್ತ್ಯ ತೀರ್ಥದ ಹಿಂದಿನ ದಾರಿಯಲ್ಲಿ ನಡೆಸಿಕೊಂಡು ಹೋದೆ.

ವಾಪಸ್ ಬಂದು ಮೆಟ್ಟಿಲ ಮೇಲೆ ಕುಳಿತು, ಬಟ್ಟೆಗೆ ಅಂಟಿದ್ದನ್ನೆಲ್ಲ ಒಂದು ಹಳೇ ಪೇಪರ್ ಮೇಲೆ ಕೀಳಿಸಿದೆ. ಉತ್ತರಾಣಿ ಎಲ್ಲಕ್ಕಿಂತ ಜಾಸ್ತಿ. ಚೂಪು ಮೂತಿಯ, ಉದ್ದ ಬಾಲದ ಹುಲ್ಲಿನ ಬೀಜ ಕಾಲುಚೀಲದ ಒಳಗೇ ಇಳಿದಿತ್ತು. ಚಪ್ಪಲಿ ತಿರುಗಿಸಿದರೆ ನೆಗ್ಗಿನ ಮುಳ್ಳು. ಹುಡುಗಿಯರ ಲಂಗದ ಅಂಚಿಗೆ ಮೈತುಂಬ ಕೊಕ್ಕೆ ಇರುವ ಕಾಯಿ. ಒಟ್ಟು ಏಳು ನಮೂನೆ ಸಿಕ್ಕವು.

ಅಷ್ಟರಲ್ಲಿ ಒಬ್ಬ ಹುಡುಗ ಎದುರಿನ ಕೆಂಪು ಬಂಡೆ ತೋರಿಸಿ ಕೇಳಿದ: "ಸರ್, ಆ ಬಂಡಿ ನಡುವ ಆಲದ ಗಿಡ ಐತಲ್ರಿ, ಅಲ್ಲಿಗೆ ಯಾರೂ ಹತ್ತಾಕ ಆಗಂಗಿಲ್ಲ. ಯಾರ್ ಬಿತ್ಯಾರ್ರಿ?"

ಹಕ್ಕಿ ಎಂದು ಹೇಳಿದೆ. ಅವನು ಬಿಡಲಿಲ್ಲ. ಯಾವ ಹಕ್ಕಿ, ಮಣ್ಣೇ ಇಲ್ಲದ ಕಲ್ಲಲ್ಲಿ ಬೇರು ಹೇಗೆ ಹಿಡಿಯಿತು, ಆಲಕ್ಕೆ ಹೂವೇ ಬಿಡಲ್ಲ ಅಲ್ವಾ ಮತ್ತೆ ಬೀಜ ಎಲ್ಲಿಂದ ಬಂತು ಎಂದು ಒಂದರ ಹಿಂದೆ ಒಂದು ಕೇಳಿದ. ಅವನಿಗೆ ಸುಮ್ನೆ ಒಂದು ಸಾಲಿನ ಉತ್ತರ ಕೊಡಲು ನನಗೆ ಮನಸ್ಸಿಲ್ಲ. ಇಲ್ಲಿ ಹೊಲ ಮಾಡುವವರು, ಕುರಿ ಕಾಯುವವರು, ಕಾಡಿನ ಕಡೆಯವರು ಎಲ್ಲ ಇದ್ದೀರಿ. ನೀವು ಕಣ್ಣಾರೆ ಕಂಡಿದ್ದನ್ನು ಬರೆಯಿರಿ. ಮಕ್ಕಳಿಗೆ ಓದಿ ಹೇಳುತ್ತೇನೆ.

ಸಸ್ಯಶಾಸ್ತ್ರ ಟೀಚರ್, ಬೆಳಗಾವಿ

ಮಾಸ್ತರೇ, ಆ ಹುಡುಗನ ಮೂರನೇ ಪ್ರಶ್ನೆಯಿಂದ ಶುರು ಮಾಡುತ್ತೇನೆ. ಉಳಿದ ಎರಡಕ್ಕೂ ದಾರಿ ಅಲ್ಲೇ ಇದೆ.

ಆಲಕ್ಕೆ ಹೂ ಬಿಡುತ್ತದೆ. ನಾವು ಹಣ್ಣು ಎನ್ನುವುದರ ಒಳಗೇ ನೂರಾರು ಹೂ ಇರುತ್ತವೆ. ಆಲ, ಅತ್ತಿ, ಅರಳಿ, ಬಸರಿ, ಗೋಣಿ ಎಲ್ಲ ಒಂದೇ ಮನೆತನ, ಎಲ್ಲಕ್ಕೂ ಹೀಗೇ. ಒಂದು ಅತ್ತಿ ಹಣ್ಣನ್ನು ಬ್ಲೇಡಿನಿಂದ ಸರಿಯಾಗಿ ಮಧ್ಯಕ್ಕೆ ಸೀಳಿ, ಭೂತಗನ್ನಡಿ ಹಿಡಿದು ತೋರಿಸಿ. ಗೋಡೆಯ ಸುತ್ತ ಒತ್ತಾಗಿ ನಿಂತ ಸಣ್ಣ ಸಣ್ಣ ಹೂಗಳು ಕಾಣುತ್ತವೆ. ಹಣ್ಣಿನ ತುದಿಯಲ್ಲಿ ಒಂದು ಚಿಕ್ಕ ಬಾಯಿ ಇರುತ್ತದೆ. ಅದು ಹೆಣ್ಣು ಕಣಜ ಒಳಗೆ ಬರುವ ಬಾಗಿಲು.

ಈ ಕಣಜ ನಮ್ಮನ್ನು ಕಚ್ಚುವ ಕಣಜ ಅಲ್ಲ. ಒಂದೆರಡು ಮಿಲಿಮೀಟರ್ ಉದ್ದದ ಕೀಟ. ಆ ಬಾಗಿಲು ಎಷ್ಟು ಇಕ್ಕಟ್ಟು ಎಂದರೆ ಒಳಗೆ ತೂರುವಾಗ ಅದರ ರೆಕ್ಕೆಯೇ ಕಿತ್ತು ಹೋಗುತ್ತದೆ. ಮೈಗೆ ಹತ್ತಿಸಿಕೊಂಡು ಬಂದ ಪರಾಗವನ್ನು ಹೂಗಳಿಗೆ ಮುಟ್ಟಿಸುತ್ತದೆ. ಕೆಲವು ಹೂಗಳಲ್ಲಿ ಮೊಟ್ಟೆ ಇಟ್ಟು ಅಲ್ಲೇ ಸಾಯುತ್ತದೆ. ಮೊಟ್ಟೆ ಬಿದ್ದ ಹೂವಲ್ಲಿ ಮರಿ ಬೆಳೆಯುತ್ತದೆ, ಉಳಿದ ಹೂವಲ್ಲಿ ಬೀಜ ಕಟ್ಟುತ್ತದೆ. ಮೊದಲು ಹೊರಬರುವುದು ಗಂಡು. ಅದಕ್ಕೆ ರೆಕ್ಕೆಯೇ ಇಲ್ಲ. ಹೆಣ್ಣುಗಳ ಜೊತೆ ಕೂಡುತ್ತದೆ, ಹಣ್ಣಿನ ಗೋಡೆ ಕೊರೆದು ದಾರಿ ಮಾಡುತ್ತದೆ, ಸಾಯುತ್ತದೆ. ಆ ದಾರಿಯಿಂದ ಹೆಣ್ಣುಗಳು ಪರಾಗ ಹೊತ್ತು ಹಾರಿ ಇನ್ನೊಂದು ಮರ ಹುಡುಕುತ್ತವೆ. ಆಲಕ್ಕೆ ಒಂದು ಜಾತಿಯ ಕಣಜ, ಅತ್ತಿಗೆ ಬೇರೆ ಜಾತಿಯದು. ಅತ್ತಿ ಹಣ್ಣು ಬಿಡಿಸಿದರೆ ಒಳಗೆಲ್ಲ ಹುಳ ಎಂದು ಮುಖ ತಿರುಗಿಸುತ್ತೇವಲ್ಲ, ಆ ಹುಳ ಇಲ್ಲದಿದ್ದರೆ ಅತ್ತಿ ಮರವೂ ಇರುತ್ತಿರಲಿಲ್ಲ.

ಇನ್ನು ಬಂಡೆಗೆ ಬರೋಣ. ಆಲದ ಬೀಜ ಸುಮಾರು ಒಂದು ಮಿಲಿಮೀಟರ್ ಅಷ್ಟೇ. ಹಣ್ಣು ತಿನ್ನಲು ಕುಟ್ರು ಹಕ್ಕಿ, ಪಿಕಳಾರ, ಗೊರವಂಕ, ಕೋಗಿಲೆ ಬರುತ್ತವೆ. ರಾತ್ರಿ ಬಾವಲಿಗಳು ಬರುತ್ತವೆ. ಇವುಗಳ ಹೊಟ್ಟೆಯಲ್ಲಿ ತಿರುಳು ಕರಗುತ್ತದೆ, ಬೀಜ ಇದ್ದ ಹಾಗೇ ಹಿಕ್ಕೆಯಲ್ಲಿ ಹೊರಬೀಳುತ್ತದೆ. ಗಿಳಿ ಹಾಗಲ್ಲ, ಬೀಜವನ್ನೇ ಕಡಿದು ತಿನ್ನುತ್ತದೆ. ಮರದ ಮೇಲೆ ಕಂಡ ಹಕ್ಕಿಯೆಲ್ಲ ಬಿತ್ತುವ ಹಕ್ಕಿ ಅಲ್ಲ ಎಂದು ಮಕ್ಕಳಿಗೆ ಹೇಳಿ.

ಬಂಡೆಯ ಸಂದಿಯಲ್ಲಿ ಗಾಳಿ ತಂದ ದೂಳು, ಒಣಗಿದ ಪಾಚಿ ಸ್ವಲ್ಪ ಸೇರಿರುತ್ತದೆ. ಮಳೆ ನೀರು ಅಲ್ಲಿ ಒಂದಿಷ್ಟು ದಿನ ತೇವ ಹಿಡಿದಿಡುತ್ತದೆ. ಅಷ್ಟು ಸಣ್ಣ ಬೀಜಕ್ಕೆ ಮೊಳೆಯಲು ಅಷ್ಟು ಸಾಕು. ಆಮೇಲೆ ಬೇರು ಸಂದಿ ಹಿಡಿದು ಕೆಳಗಿಳಿಯುತ್ತದೆ. ಸಾವಿರಾರು ಬೀಜಗಳಲ್ಲಿ ಒಂದಕ್ಕೆ ಇಂಥ ಜಾಗ ಸಿಗುತ್ತದೆ. ಉಳಿದವು ಬಿಸಿಲಿಗೆ ಒಣಗುತ್ತವೆ, ಇರುವೆ ಹೊತ್ತೊಯ್ಯುತ್ತದೆ.

ಒಂದು ಮಾತು. ನೀವು ಕಂಡಿದ್ದು ಆಲ ಇರಬಹುದು, ಕಲ್ಲರಳಿಯೂ ಇರಬಹುದು. ಕಲ್ಲರಳಿಗೆ ಬಂಡೆಯೇ ಇಷ್ಟದ ಜಾಗ. ಎಲೆ ಅರಳಿಯ ಹಾಗೇ ಹೃದಯದ ಆಕಾರ, ಆದರೆ ತುದಿಯ ಬಾಲ ಅಷ್ಟು ಉದ್ದ ಇರಲ್ಲ. ತೊಟ್ಟು ಕೆಂಪಗೆ ಕಾಣುತ್ತದೆ. ಮುಂದಿನ ಸಲ ಉದುರಿದ ಎಲೆ ಸಿಕ್ಕರೆ ನೋಡಿ.

ಕುರಿಹಟ್ಟಿ, ಇಂಡಿ

ಟೀಚರ್ ಹಕ್ಕಿ ಬಗ್ಗೆ ಹೇಳಿದರು. ನಾನು ಕುರಿ ಬಗ್ಗೆ ಹೇಳುತ್ತೇನೆ.

ಬೇಸಿಗೆಯಲ್ಲಿ ಮೇವು ಇರಲ್ಲ. ಆಗ ಜಾಲಿ ಕಾಯಿಯೇ ಆಧಾರ. ನಮ್ಮ ಮುತ್ಯಾ ಉದ್ದನೆ ಕೋಲಿನಿಂದ ಟೊಂಗೆ ಅಲುಗಾಡಿಸಿದರೆ ಸಾಕು, ಆ ಸಪ್ಪಳಕ್ಕೇ ಕುರಿ ಆಡು ಓಡಿ ಬರುತ್ತಿದ್ದವು. ರಾತ್ರಿ ಹಟ್ಟಿಯಲ್ಲಿ ಮೆಲುಕು ಹಾಕುವಾಗ ಗಟ್ಟಿ ಬೀಜ ಬಾಯಿಂದ ಉದುರಿಸುತ್ತವೆ. ಉಳಿದವು ಹಿಕ್ಕೆಯಲ್ಲಿ ಬೀಳುತ್ತವೆ. ಬೆಳಿಗ್ಗೆ ಹಟ್ಟಿ ಗುಡಿಸಿದರೆ ಒಂದು ಮೊರ ಬೀಜ ಸಿಗುತ್ತಿತ್ತು. ಸಸಿ ಮಾಡುವವರು ಅದನ್ನೇ ಬಂದು ಕೇಳಿ ಒಯ್ಯುತ್ತಿದ್ದರು. ಮರದಿಂದ ಕಿತ್ತ ಬೀಜ ಬಿತ್ತಿದರೆ ಸಿಪ್ಪೆ ಗಟ್ಟಿ ಇರುವುದರಿಂದ ನೀರು ಒಳಗೆ ಹೋಗಲ್ಲ. ಕುದಿ ನೀರಲ್ಲಿ ಹಾಕಿ ತೆಗೆದು ಬಿತ್ತಬೇಕು. ಹಟ್ಟಿ ಬೀಜಕ್ಕೆ ಆ ಕೆಲಸ ಕುರಿ ಹೊಟ್ಟೆಯಲ್ಲೇ ಮುಗಿದಿರುತ್ತದೆ.

ಇದರಲ್ಲಿ ಒಂದು ಕೆಡುಕೂ ಇದೆ. ಬಳ್ಳಾರಿ ಜಾಲಿಯೂ ಹೀಗೇ ಹಬ್ಬಿತು. ಅದರ ಕಾಯಿ ಸಿಹಿ, ಕುರಿ ಬಿಡಲ್ಲ. ನಾವು ಕುರಿ ಹೊಡೆದುಕೊಂಡು ಹೋದ ದಾರಿಯಲ್ಲೆಲ್ಲ, ರಾತ್ರಿ ಕುರಿ ನಿಲ್ಲಿಸಿದ ಹೊಲದ ಬದುವಿನಲ್ಲೆಲ್ಲ ಎದ್ದಿದೆ. ನಮ್ಮ ಹಿರಿಯರಿಗೆ ಇದು ಗೊತ್ತಿರಲಿಲ್ಲ. ಈಗ ಗೊತ್ತಾಗಿದೆ. ಕಾಯಿ ತಿಂದ ಕುರಿಯನ್ನು ಎರಡು ಮೂರು ದಿನ ಒಂದೇ ಕಡೆ ಕಟ್ಟಿ, ಆಮೇಲೆ ಬೇರೆಯವರ ಹೊಲಕ್ಕೆ ಬಿಡಬೇಕು ಎಂದು ನಾನು ಹಟ್ಟಿಯವರಿಗೆ ಹೇಳುತ್ತಿರುತ್ತೇನೆ.

ಮಾಸ್ತರೇ, ಆ ಉದ್ದ ಬಾಲದ ಹುಲ್ಲು ಬಹಳ ತ್ರಾಸಿನದು. ಕುರಿ ಉಣ್ಣೆ ದಾಟಿ ಚರ್ಮಕ್ಕೇ ಇಳಿಯುತ್ತದೆ. ಕಾರ್ತಿಕದಲ್ಲಿ ಆ ಗುಡ್ಡಕ್ಕೆ ನಾವು ಕುರಿ ಹತ್ತಿಸುವುದೇ ಇಲ್ಲ.

ಸಸ್ಯಶಾಸ್ತ್ರ ಟೀಚರ್, ಬೆಳಗಾವಿ

ತಮ್ಮಾ, ಹಟ್ಟಿಯಲ್ಲಿ ಕಟ್ಟುವ ವಿಚಾರ ಬಹಳ ಒಳ್ಳೆಯದು. ಬಳ್ಳಾರಿ ಜಾಲಿ ನಮ್ಮ ದೇಶದ್ದಲ್ಲ. ಅಮೆರಿಕ ಖಂಡದ ಗಿಡ, 19ನೇ ಶತಮಾನದಲ್ಲಿ ಬೇಕೆಂದೇ ತಂದು ಹಾಕಿದ್ದು. ಜಾಲಿ ಬೀಜಕ್ಕೆ ಇನ್ನೊಂದು ಲಾಭವೂ ಇದೆ. ಕಾಯಿ ಮರದ ಕೆಳಗೇ ಬಿದ್ದಿದ್ದರೆ ಒಂದು ಜಾತಿಯ ದುಂಬಿ ಬೀಜ ಕೊರೆದು ಹಾಳು ಮಾಡುತ್ತದೆ. ಕುರಿ ಬೇಗ ತಿಂದರೆ ಬೀಜ ಉಳಿಯುತ್ತದೆ.

ಆ ಹುಲ್ಲಿನ ಬೀಜ ನಾಲ್ಕು ಇಟ್ಟುಕೊಳ್ಳಿ ಮಾಸ್ತರೇ. ಒದ್ದೆ ಬಟ್ಟೆಯ ಮೇಲೆ ಇಟ್ಟು ಮಕ್ಕಳನ್ನು ಸುತ್ತ ಕೂರಿಸಿ. ಬಾಲ ಗಡಿಯಾರದ ಮುಳ್ಳಿನ ಹಾಗೆ ತಾನೇ ತಿರುಗುತ್ತದೆ. ಒಣಗಿದಾಗ ಹುರಿ ಹೊಸೆದುಕೊಳ್ಳುತ್ತದೆ, ಒದ್ದೆಯಾದಾಗ ಬಿಚ್ಚಿಕೊಳ್ಳುತ್ತದೆ. ರಾತ್ರಿ ಇಬ್ಬನಿ, ಹಗಲು ಬಿಸಿಲು. ಹೀಗೆ ತಿರುಗಿ ತಿರುಗಿ ಬೀಜ ನೆಲಕ್ಕೆ ತಿರುಪಿನ ಹಾಗೆ ಇಳಿಯುತ್ತದೆ. ಮೂತಿಯ ಕೂದಲು ಹಿಂದಕ್ಕೆ ಬಾಗಿರುವುದರಿಂದ ವಾಪಸ್ ಬರಲ್ಲ. ತನ್ನನ್ನು ತಾನೇ ಬಿತ್ತಿಕೊಳ್ಳುವ ಬೀಜ ಅದು.

ಕೃಷ್ಣಾ ದಂಡೆ, ಜಮಖಂಡಿ

ಕೊಕ್ಕೆ ಕಾಯಿ ಬಗ್ಗೆ ನಾನು ಬರೆಯಲೇಬೇಕು. 2019ರ ಆಗಸ್ಟ್ ಹೊಳೆ ನಮ್ಮ ಎರಡು ಎಕರೆಯನ್ನು ಹನ್ನೊಂದು ದಿನ ಮುಚ್ಚಿತ್ತು. ನೀರು ಇಳಿದ ಮೇಲೆ ಒಂದು ಗೇಣು ಹೊಸ ಮಣ್ಣು ಕೂತಿತ್ತು. ಒಳ್ಳೆ ಮಣ್ಣು ಬಂತು ಎಂದು ಅಪ್ಪ ಸಮಾಧಾನ ಮಾಡಿಕೊಂಡರು. ಮುಂದಿನ ಮಳೆಗಾಲಕ್ಕೆ ಹೊಲ ತುಂಬ ಈ ಕಾಯಿಯ ಗಿಡ. ಮೊದಲು ನಮ್ಮ ಹೊಲದಲ್ಲಿ ಒಂದೂ ಇರಲಿಲ್ಲ. ಕಾಯಿ ಹಗುರ, ನೀರಲ್ಲಿ ತೇಲಿ ಬಂದಿದೆ.

ಕಿತ್ತು ಕಿತ್ತು ಹಾಕಿದೆವು. ಎಲ್ಲ ಮುಗಿಯಿತು ಎನ್ನುವಷ್ಟರಲ್ಲಿ ಮತ್ತೆ ಎದ್ದವು. ಕೃಷಿ ಓದಿದ ನಮ್ಮ ಮಾವನ ಮಗ ಒಂದು ಕಾಯಿ ಕತ್ತರಿಸಿ ತೋರಿಸಿದ. ಒಳಗೆ ಎರಡು ಬೀಜ, ಒಂದು ಸ್ವಲ್ಪ ದೊಡ್ಡದು, ಒಂದು ಸಣ್ಣದು. ದೊಡ್ಡದು ಮೊದಲು ಮೊಳೆಯುತ್ತದೆ. ಸಣ್ಣದು ಕಾಯುತ್ತದೆ. ಮೊದಲನೆಯದನ್ನು ನಾವು ಕಿತ್ತೆಸೆದರೂ ಎರಡನೆಯದು ನೆಲದಲ್ಲೇ ಇರುತ್ತದೆ. ಆ ದಿನ ನನಗೆ ಸಿಟ್ಟೂ ಬಂತು, ಆ ಗಿಡದ ಮೇಲೆ ಗೌರವವೂ ಬಂತು.

ಮಕ್ಕಳ ಬೂಟಿನಲ್ಲಿ ಚರ್ ಎಂದು ಬಿಡಿಸುವ ಪಟ್ಟಿ ಇರುತ್ತದಲ್ಲ, ಅದೂ ಇಂಥದೇ ಒಂದು ಕಾಯಿಯಿಂದ ಹುಟ್ಟಿದ್ದು. ಸ್ವಿಟ್ಜರ್ಲೆಂಡಿನ ಜಾರ್ಜ್ ಡಿ ಮೆಸ್ಟ್ರಾಲ್ ಎಂಬ ಎಂಜಿನಿಯರ್ 1941ರಲ್ಲಿ ನಾಯಿ ಕರೆದುಕೊಂಡು ಅಡ್ಡಾಡಿ ಬಂದ. ನಾಯಿ ಮೈಗೆ ಕೊಕ್ಕೆ ಕಾಯಿ ಅಂಟಿದ್ದವು. ಕಿತ್ತು ಸೂಕ್ಷ್ಮದರ್ಶಕದಲ್ಲಿ ನೋಡಿದ. ಅದರಿಂದಲೇ ವೆಲ್ಕ್ರೋ ಬಂತು.

ತೊಗರಿ ಹೊಲ, ಸಿಂದಗಿ

ಕಳೆ ಬೀಜ ನೆಲದಲ್ಲಿ ಎಷ್ಟು ವರ್ಷ ಬದುಕುತ್ತದೆ ಯಾರಿಗಾದರೂ ಗೊತ್ತಾ? ನಮ್ಮ ಬದುವಿನ ಕಾಂಗ್ರೆಸ್ ಕಸ ಮೂರು ವರ್ಷ ಬೀಜ ಬಿಡುವ ಮೊದಲೇ ಕಿತ್ತರೂ ಮತ್ತೆ ಬರುತ್ತಿದೆ.

ಸಸ್ಯಶಾಸ್ತ್ರ ಟೀಚರ್, ಬೆಳಗಾವಿ

ಬಿಡದೆ ಕೀಳಿ, ಪ್ರತಿ ವರ್ಷ ಕಡಿಮೆ ಆಗುತ್ತದೆ. ಒಂದು ಗಿಡ ಹತ್ತು ಸಾವಿರಕ್ಕೂ ಜಾಸ್ತಿ ಬೀಜ ಬಿಡುತ್ತದೆ, ಹಾಗಾಗಿ ನೆಲದಲ್ಲಿ ಹಳೇ ದಾಸ್ತಾನು ಇದೆ. ಪಕ್ಕದ ಹೊಲದಿಂದ ನೀರು, ಗಾಳಿ, ಟ್ರ್ಯಾಕ್ಟರ್ ಚಕ್ರದ ಮಣ್ಣು ಎಲ್ಲ ಹೊಸದನ್ನು ತರುತ್ತವೆ. ಪಕ್ಕದವರೂ ಕೀಳಬೇಕು.

ಎಷ್ಟು ವರ್ಷ ಬದುಕುತ್ತದೆ ಎಂಬುದು ಬೀಜದಿಂದ ಬೀಜಕ್ಕೆ ಬೇರೆ. ಅಮೆರಿಕದ ಮಿಷಿಗನ್‌ನಲ್ಲಿ ವಿಲಿಯಂ ಬೀಲ್ ಎಂಬ ಪ್ರಾಧ್ಯಾಪಕರು 1879ರಲ್ಲಿ ಇದನ್ನೇ ತಿಳಿಯಲು 20 ಬಾಟಲಿ ಹೂಳಿದರು. ಒಂದೊಂದರಲ್ಲೂ 21 ಜಾತಿ ಗಿಡಗಳ ತಲಾ 50 ಬೀಜ. ಅವರ ನಂತರದವರು ಇಷ್ಟಿಷ್ಟು ವರ್ಷಕ್ಕೆ ಒಂದೊಂದು ಬಾಟಲಿ ತೆಗೆಯುತ್ತ ಬಂದಿದ್ದಾರೆ. 2021ರಲ್ಲಿ ತೆಗೆದ ಬಾಟಲಿಯಲ್ಲೂ ಕೆಲವು ಬೀಜ ಮೊಳೆತವು. ಹೂಳಿದವರ ಮೊಮ್ಮಕ್ಕಳ ಕಾಲ ಮುಗಿದರೂ ಬೀಜ ಕಾಯುತ್ತಿತ್ತು.

ಬೀಜದ ಹೊಲ, ಹುನಗುಂದ

ಮಾಸ್ತರ್ ಮಕ್ಕಳಿಗೆ ಹೂವಿನ ಒಳಗೆ ಏನಾಗುತ್ತದೆ ಎಂಬುದನ್ನೂ ಹೇಳಿ. ನಾನು ಹತ್ತಿಯ ಕ್ರಾಸಿಂಗ್ ಪ್ಲಾಟಿನಲ್ಲಿ, ಅಂದರೆ ಎರಡು ತಳಿ ಕೂಡಿಸಿ ಬೀಜ ಮಾಡುವ ಹೊಲದಲ್ಲಿ, ಹದಿಮೂರು ವರ್ಷ ಕೆಲಸ ಮಾಡಿದ್ದೇನೆ. ದುಂಬಿ ಮಾಡುವ ಕೆಲಸವನ್ನು ನಾವು ಹೆಣ್ಣುಮಕ್ಕಳು ಕೈಯಿಂದ ಮಾಡುತ್ತೇವೆ.

ಮಧ್ಯಾಹ್ನ ಇಳಿದ ಮೇಲೆ ಸಾಲು ಹಿಡಿಯುತ್ತೇವೆ. ನಾಳೆ ಅರಳುವ ಮೊಗ್ಗು ನೋಡಿದ ಕೂಡಲೇ ಗೊತ್ತಾಗುತ್ತದೆ. ಸ್ವಲ್ಪ ಉಬ್ಬಿ, ತುದಿ ತೆಳು ಹಳದಿ ಆಗಿರುತ್ತದೆ. ಹೆಬ್ಬೆರಳ ಉಗುರನ್ನು ಬುಡಕ್ಕೆ ಕೊಟ್ಟು ಒಂದು ಸುತ್ತು ತಿರುಗಿಸಿದರೆ ಎಸಳು, ಅದರ ಜೊತೆ ಗಂಡು ಕೇಸರ ಎಲ್ಲ ಒಟ್ಟಿಗೆ ಟೊಪ್ಪಿಗೆ ತೆಗೆದ ಹಾಗೆ ಬರುತ್ತದೆ. ನಡುವಿನ ಕಡ್ಡಿಗೆ ಉಗುರು ತಾಗಬಾರದು. ತಾಗಿದರೆ ಆ ಕಾಯಿ ಹೋಯಿತು. ಅದರ ಮೇಲೆ ಕೆಂಪು ಕಾಗದದ ಚೀಲ ಹಾಕುತ್ತೇವೆ. ಮರುದಿನ ಬೆಳಿಗ್ಗೆ ಇಬ್ಬನಿ ಆರಿದ ಮೇಲೆ ಗಂಡು ಸಾಲಿನ ಹೂ ಕಿತ್ತು ತಂದು, ಚೀಲ ತೆಗೆದು, ಆ ಕಡ್ಡಿಯ ತುದಿಗೆ ಮೆತ್ತಗೆ ಸವರುತ್ತೇವೆ. ಒಂದು ಗಂಡು ಹೂವಿಗೆ ನಾಲ್ಕೈದು ಹೆಣ್ಣು ಹೂ. ಗುರುತಿಗೆ ದಾರ ಕಟ್ಟುತ್ತೇವೆ. ಮೂರನೇ ದಿನಕ್ಕೆ ನೋಡಿದರೆ ಗೊತ್ತಾಗುತ್ತದೆ. ಪರಾಗ ಹತ್ತಿದ್ದು ನಿಂತಿರುತ್ತದೆ, ಹತ್ತದ್ದು ಹಳದಿಯಾಗಿ ಉದುರುತ್ತದೆ.

ಹತ್ತಿಯ ಪರಾಗ ಅಂಟು ಅಂಟು, ಭಾರ. ಗಾಳಿಗೆ ಹಾರಲ್ಲ. ಜೋಳದ್ದು ಹಾರುತ್ತದೆ. ನಾನು ಶಾಲೆ ಓದಿದ್ದು ನಾಲ್ಕನೇ ತರಗತಿವರೆಗೆ. ಹೂ ಎಂದರೇನು ಎಂದು ಕಲಿತಿದ್ದು ಈ ಬೆರಳುಗಳಿಂದ. ಈ ಕೆಲಸಕ್ಕೆ ಹುಡುಗಿಯರನ್ನು ಶಾಲೆ ಬಿಡಿಸಿ ಕರೆದುಕೊಂಡು ಹೋಗುತ್ತಿದ್ದ ಕಾಲವನ್ನು ನಾನು ನೋಡಿದ್ದೇನೆ. ನನ್ನ ಮಗಳನ್ನು ಮಾತ್ರ ಪ್ಲಾಟಿಗೆ ಕಳಿಸಲಿಲ್ಲ.

ಸಸ್ಯಶಾಸ್ತ್ರ ಟೀಚರ್, ಬೆಳಗಾವಿ

ಅಕ್ಕಾ, ನೀವು ಬರೆದಿದ್ದನ್ನು ನಾನು ಕಾಲೇಜಿನಲ್ಲಿ ಬೋರ್ಡ್ ಮೇಲೆ ಚಿತ್ರ ಬಿಡಿಸಿ ಹೇಳುತ್ತೇನೆ, ಇಷ್ಟು ಚೆನ್ನಾಗಿ ಮುಟ್ಟುವುದಿಲ್ಲ. ನಿಮ್ಮ ಕೆಲಸದ ಮೂಲ ನಮ್ಮ ಪಕ್ಕದ ಧಾರವಾಡದಲ್ಲೂ ಇದೆ. ಅಲ್ಲಿ ಡಾ. ಬಿ.ಎಚ್. ಕಟರ್ಕಿ ಅವರು ಎರಡು ಬೇರೆ ಜಾತಿಯ ಹತ್ತಿಯನ್ನು ಕೂಡಿಸಿ ವರಲಕ್ಷ್ಮಿ ಹತ್ತಿ ಮಾಡಿದರು. ಅದು 1972ರಲ್ಲಿ ಬಂತು.

ತೊಗರಿ ಹೊಲ, ಸಿಂದಗಿ

ಅಕ್ಕಾ, ಜೋಳದ ಪರಾಗ ಹಾರುತ್ತದೆ ಎಂದಿರಿ. ಆದರೂ ನಮ್ಮ ಮಾಲದಂಡಿ ಬಿಳಿಜೋಳದ ಬೀಜವನ್ನು ನಾವು ವರ್ಷಗಟ್ಟಲೆ ಮನೆಯಲ್ಲೇ ಇಟ್ಟು ಬಿತ್ತುತ್ತೇವೆ, ಅಷ್ಟಾಗಿ ಕೆಡುವುದಿಲ್ಲ. ತೊಗರಿ ಮಾತ್ರ ಕೆಡುತ್ತದೆ. ನಾನು ಕೆಂಪು ತೊಗರಿ ಇಟ್ಟಿದ್ದೆ, ಪಕ್ಕದವರದು ಬಿಳಿ. ಎರಡೇ ವರ್ಷಕ್ಕೆ ನನ್ನ ರಾಶಿಯಲ್ಲಿ ಬಿಳಿ ಕಾಳು, ಚುಕ್ಕಿ ಕಾಳು ಬಂದವು. ಯಾಕೆ ಹೀಗೆ?

ಸಸ್ಯಶಾಸ್ತ್ರ ಟೀಚರ್, ಬೆಳಗಾವಿ

ಜೋಳದ ತೆನೆ ಬಹುಪಾಲು ತನ್ನ ಪರಾಗದಿಂದಲೇ ಕಾಳು ಕಟ್ಟುತ್ತದೆ. ಪಕ್ಕದಿಂದ ಬರುವುದು ಸ್ವಲ್ಪ. ಮೇಲಾಗಿ ನಿಮ್ಮ ಸುತ್ತ ಎಲ್ಲರೂ ಮಾಲದಂಡಿಯನ್ನೇ ಬಿತ್ತಿದ್ದರೆ ಬೆರೆತರೂ ಅದೇ ತಳಿ. ತೊಗರಿ ತನ್ನಷ್ಟಕ್ಕೆ ಕಾಯಿ ಕಟ್ಟಬಲ್ಲದು, ಆದರೆ ಅದರ ಹಳದಿ ಹೂವಿಗೆ ಜೇನು, ದೊಡ್ಡ ದುಂಬಿ ಬಹಳ ಬರುತ್ತವೆ. ಪಕ್ಕದ ಬಿಳಿ ತೊಗರಿಯಿಂದ ನಿಮ್ಮ ಕೆಂಪಿಗೆ ಪರಾಗ ತಂದಿವೆ. ಬೀಜಕ್ಕೆಂದು ಇಡುವುದಾದರೆ ಬೇರೆ ತಳಿಯಿಂದ ಕನಿಷ್ಠ 100 ಮೀಟರ್ ದೂರ ಬೇಕು. ಹೊಲದ ನಡುವಿನ ಗಿಡಗಳಿಂದಲೇ ಬೀಜ ಆರಿಸಿ, ಅಂಚಿನ ಸಾಲು ಬಿಡಿ.

ಇನ್ನೊಂದು ಮಾತು, ಇದು ನನಗೆ ಬಹಳ ಮುಖ್ಯ. ಈಗ ತೊಗರಿ ಹೂ ಹೊತ್ತು. ಕಾಯಿಕೊರಕಕ್ಕೆ ಕೀಟನಾಶಕದ ಎಣ್ಣೆ ಹೊಡೆಯುವುದಿದ್ದರೆ ಬೆಳಿಗ್ಗೆ ಜೇನು ಆಡುವ ಹೊತ್ತಲ್ಲಿ ಹೊಡೆಯಬೇಡಿ. ಸಂಜೆ ಹೊಡೆಯಿರಿ. ಸೂರ್ಯಕಾಂತಿ, ಗುರೆಳ್ಳು ಹಾಕಿದವರಂತೂ ಇದನ್ನು ಮರೆಯಲೇಬಾರದು. ಅವಕ್ಕೆ ಜೇನು ಬರದಿದ್ದರೆ ಕಾಳು ಜೊಳ್ಳಾಗುತ್ತದೆ.

ತೊಗರಿ ಹೊಲ, ಸಿಂದಗಿ

ನಾನು ಹೋದ ವಾರ ಬೆಳಿಗ್ಗೆ ಎಂಟಕ್ಕೇ ಹೊಡೆದೆ. ಸಂಜೆ ಬದುವಿನ ಮೇಲೆ ಜೇನು ಬಿದ್ದಿದ್ದವು. ಮನಸ್ಸಿಗೆ ಬಹಳ ಕಸಿವಿಸಿ ಆಯಿತು. ಇನ್ನು ಸಂಜೆಗೇ.

ಜೋಳದ ಬಗ್ಗೆ ಮಕ್ಕಳಿಗೆ ಒಂದು ಹೇಳಿ ಮಾಸ್ತರೇ. ಹಣ್ಣಾದ ತೆನೆ ಹಿಡಿದು ಅಲುಗಾಡಿಸಿ, ಕಾಳು ಉದುರಲ್ಲ. ಕಣದಲ್ಲಿ ಬಡಿಯಬೇಕು, ತುಳಿಸಬೇಕು. ಎಳ್ಳು ಹಾಗಲ್ಲ. ಎರಡು ದಿನ ತಡವಾದರೆ ಕಾಯಿ ಬಾಯಿ ಬಿಟ್ಟು ಅರ್ಧ ಎಳ್ಳು ನೆಲದ ಪಾಲು. ಅದಕ್ಕೇ ಹಸಿರು ಇರುವಾಗಲೇ ಕೊಯ್ದು ಸಿವುಡು ನಿಲ್ಲಿಸುತ್ತೇವೆ. ಔಡಲ ಕಾಯಿಯೂ ಮಧ್ಯಾಹ್ನದ ಬಿಸಿಲಿಗೆ ಪಟ್ ಎಂದು ಸಿಡಿಯುತ್ತದೆ.

ಸಸ್ಯಶಾಸ್ತ್ರ ಟೀಚರ್, ಬೆಳಗಾವಿ

ಬಹಳ ಒಳ್ಳೆ ಮಾತು. ಕಾಡು ಜೋಳ ಹಣ್ಣಾದ ಕೂಡಲೇ ಕಾಳು ಉದುರಿಸುತ್ತದೆ. ಅದೇ ಅದರ ಬಿತ್ತನೆ. ಸಾವಿರಾರು ವರ್ಷ ರೈತರು ಉದುರದೆ ನಿಂತ ತೆನೆಯನ್ನೇ ಮನೆಗೆ ತಂದು, ಅದನ್ನೇ ಮತ್ತೆ ಬಿತ್ತಿದರು. ಕೊನೆಗೆ ಕಾಳು ಉದುರಿಸದ ಜೋಳವೇ ಉಳಿಯಿತು. ಈಗ ಅದಕ್ಕೆ ನಮ್ಮ ಕೈ ಬಿಟ್ಟರೆ ಬೇರೆ ಗತಿ ಇಲ್ಲ. ಔಡಲ ಬೀಜದ ತಲೆಯ ಮೇಲೆ ಒಂದು ಬಿಳಿ ಗಂಟು ಇರುತ್ತದೆ, ನೋಡಿದ್ದೀರಾ? ಅದರಲ್ಲಿ ಜಿಡ್ಡು ಇದೆ. ಇರುವೆಗಳು ಅದರ ಆಸೆಗೆ ಇಡೀ ಬೀಜವನ್ನು ಎಳೆದೊಯ್ದು, ಗಂಟು ತಿಂದು, ಬೀಜ ಬಿಟ್ಟುಬಿಡುತ್ತವೆ.

ಕಬ್ಬಿನ ಹೊಲ, ಗೋಕಾಕ

ನಮ್ಮ ಕಬ್ಬಿಗೆ ಈ ಯಾವ ಕಷ್ಟವೂ ಇಲ್ಲ. ತುಂಡು ಇಟ್ಟರೆ ಕಣ್ಣು ಒಡೆಯುತ್ತದೆ. ಕಡಿದರೆ ಕೂಳೆ ಬರುತ್ತದೆ. ಆದರೆ ನನಗೊಂದು ಸಂಶಯ. ಈಗ ಕೆಲವು ಹೊಲಗಳಲ್ಲಿ ಸೂಲಂಗಿ, ಅಂದರೆ ಕಬ್ಬಿನ ಹೂ, ಬಂದಿದೆ, ನಮ್ಮ ಕಡೆ ತುರಾ ಅನ್ನುತ್ತೇವೆ. ಆ ತುರಾದಲ್ಲಿ ಬೀಜ ಇರುತ್ತದಾ? ಇದ್ದರೆ ಯಾರೂ ಯಾಕೆ ಬಿತ್ತಲ್ಲ?

ಸಸ್ಯಶಾಸ್ತ್ರ ಟೀಚರ್, ಬೆಳಗಾವಿ

ಇರುತ್ತದೆ, ಎಲ್ಲ ಕಡೆ ಚೆನ್ನಾಗಿ ಕಟ್ಟುವುದಿಲ್ಲ. ಬಹಳ ಸಣ್ಣದು, ಸುತ್ತ ರೇಷ್ಮೆಯಂಥ ಕೂದಲು, ಗಾಳಿಗೆ ಹಾರುತ್ತದೆ. ಕೊಯಮತ್ತೂರಿನ ಹವೆಯಲ್ಲಿ ಕಬ್ಬು ಚೆನ್ನಾಗಿ ಹೂ ಬಿಟ್ಟು ಬೀಜ ಕಟ್ಟುತ್ತದೆ. ಅದಕ್ಕೇ 1912ರಲ್ಲಿ ಕಬ್ಬಿನ ತಳಿ ಸಂಸ್ಥೆಯನ್ನು ಅಲ್ಲಿ ಶುರು ಮಾಡಿದರು. ದಪ್ಪ ಸಿಹಿ ಕಬ್ಬಿಗೆ ಹೊಳೆದಂಡೆಯ ಕಾಡು ಕಬ್ಬಿನ ಪರಾಗ ಕೊಟ್ಟು ಸಿಒ 205 ಎಂಬ ತಳಿ ತಂದರು. ಕಾಡಿನದರ ಗಟ್ಟಿತನ ಇದಕ್ಕೆ ಬಂತು.

ಬೀಜದಿಂದ ಬಂದ ಒಂದೊಂದು ಸಸಿಯೂ ಬೇರೆ ಬೇರೆ ಆಗಿರುತ್ತದೆ, ಒಂದೇ ತಾಯಿಯ ಮಕ್ಕಳ ಹಾಗೆ. ಒಂದು ಸಿಹಿ, ಒಂದು ಸಪ್ಪೆ. ತಳಿ ಹುಡುಕುವವರಿಗೆ ಅದು ಬೇಕು, ಕಾರ್ಖಾನೆಗೆ ಕಬ್ಬು ಕಳಿಸುವ ನಿಮಗೆ ಬೇಡ. ತುಂಡಿನಿಂದ ಬಂದದ್ದು ತಾಯಿಯೇ ಮತ್ತೊಮ್ಮೆ ಎದ್ದ ಹಾಗೆ. ನಿಮ್ಮ ಕಡೆಯ ಸಿಒ 86032 ತಳಿಯ ಹೊಲಗಳೆಲ್ಲ ಲೆಕ್ಕದಲ್ಲಿ ಒಂದೇ ಗಿಡ. ಅದಕ್ಕೇ ತುಂಡಿಗೆಂದು ಇಟ್ಟ ಕಬ್ಬಿನಲ್ಲಿ ಕೆಂಪು ಕೊಳೆ ಇದ್ದರೆ ರೋಗವೂ ತುಂಡಿನ ಜೊತೆಗೇ ಹೊಲಕ್ಕೆ ಬರುತ್ತದೆ. ತುಂಡು ಸೀಳಿ ನೋಡಿ, ಒಳಗೆ ಕೆಂಪು ಇದ್ದರೆ ಇಡಬೇಡಿ.

ದ್ರಾಕ್ಷಿ ಪಡ, ತಿಕೋಟಾ

ಬೀಜವಿಲ್ಲದ ದ್ರಾಕ್ಷಿಗೆ ಪರಾಗವೇ ಬೇಡ ಎಂದು ನಮ್ಮಲ್ಲಿ ಬಹಳ ಜನ ತಿಳಿದಿದ್ದಾರೆ. ನಾನೂ ಹಾಗೇ ತಿಳಿದಿದ್ದೆ. ಥಾಮ್ಸನ್ ದ್ರಾಕ್ಷಿಗೆ ಪರಾಗ ಬೇಕು. ಬೀಜವೂ ಶುರುವಾಗುತ್ತದೆ, ಸ್ವಲ್ಪ ದಿನಕ್ಕೆ ಬೆಳೆಯುವುದು ನಿಂತುಹೋಗುತ್ತದೆ. ಹಣ್ಣನ್ನು ಸೀಳಿ ಬೆಳಕಿಗೆ ಹಿಡಿದರೆ ಮೆತ್ತನೆಯ ಎಳ್ಳಿನಂಥ ಗುರುತು ಕಾಣುತ್ತದೆ. ಹಣ್ಣು ದಪ್ಪವಾಗಲು ಬೀಜ ಕೊಡಬೇಕಾದ ಸತ್ವ ಕೊಡುವುದಿಲ್ಲ, ಅದಕ್ಕೇ ನಾವು ಜಿಎ, ಅಂದರೆ ಜಿಬ್ಬರೆಲಿಕ್ ಆಮ್ಲ, ಹೊಡೆಯುವುದು. ಅಕ್ಟೋಬರ್ ಚಾಟ್ನಿ (ಬಳ್ಳಿ ಸವರುವುದು) ಆದ ಮೇಲೆ ಹೂ ಹೊತ್ತಿನಲ್ಲಿ ಮಳೆ ಬಂದರೆ ಗೊನೆ ಉದುರುತ್ತದೆ. ಆ ಒಂದು ವಾರ ನಮಗೆ ನಿದ್ದೆ ಇರಲ್ಲ.

ನನ್ನ ಹೆಂಡತಿಯ ತವರು ಇಂಡಿ. ಅಲ್ಲಿ ಲಿಂಬಿ ಬೀಜ ಹಾಕಿದರೆ ಒಂದು ಬೀಜದಿಂದ ಎರಡು ಮೂರು ಸಸಿ ಏಳುತ್ತವೆ. ಇದು ಹೇಗೆ ಟೀಚರ್?

ಸಸ್ಯಶಾಸ್ತ್ರ ಟೀಚರ್, ಬೆಳಗಾವಿ

ಲಿಂಬಿಯ ಬೀಜದೊಳಗೆ ಪರಾಗದಿಂದ ಹುಟ್ಟಿದ ಮೊಳಕೆ ಒಂದು ಇರಬಹುದು. ಅದರ ಪಕ್ಕದಲ್ಲೇ ತಾಯಿ ಗಿಡದ ಅಂಶದಿಂದಲೇ ಇನ್ನೂ ಕೆಲವು ಮೊಳಕೆ ಹುಟ್ಟುತ್ತವೆ. ಅವು ತಾಯಿಯ ಪಡಿಯಚ್ಚು. ಹಾಗಾಗಿ ಇಂಡಿಯವರು ಬೀಜ ಹಾಕಿಯೂ ಅದೇ ರಸದ ಲಿಂಬಿ ಪಡೆಯುತ್ತಾರೆ. ದಾಳಿಂಬೆಗೆ ಈ ಅನುಕೂಲ ಇಲ್ಲ, ಅದಕ್ಕೆ ಗೂಟಿಯಂಥ ದಾರಿ ಬೇಕು, ಅಂದರೆ ಟೊಂಗೆಗೆ ಮಣ್ಣು ಕಟ್ಟಿ ಬೇರು ಬರಿಸುವುದು.

ಬೀಳಗಿ ಹುಡುಗರು

ನಾವು ಗೆಳೆಯರೆಲ್ಲ ಸೇರಿ ಮುಂದಿನ ಜೂನಿಗೆ ಗುಡ್ಡದಲ್ಲಿ ಬೀಜದುಂಡೆ ಎಸೆಯಬೇಕು ಎಂದುಕೊಂಡಿದ್ದೇವೆ. ಸುಬಾಬುಲ್ ಬೀಜ ಒಂದು ಚೀಲ ಸಿಕ್ಕಿದೆ. ಹಕ್ಕಿ ಮಾಡುವ ಕೆಲಸವನ್ನು ನಾವು ಮಾಡಿದ ಹಾಗಾಗುತ್ತದೆ ಅಲ್ವಾ?

ಕಾಡಂಚು, ಖಾನಾಪುರ

ತಮ್ಮಂದಿರಾ, ನಿಮ್ಮ ಉತ್ಸಾಹ ನೋಡಿ ಖುಷಿಯಾಯಿತು. ಸುಬಾಬುಲ್ ಮಾತ್ರ ಬೇಡ. ಅದು ಹೊರಗಿನ ಗಿಡ, ಒಮ್ಮೆ ಹತ್ತಿದರೆ ಬೇರೆ ಏನನ್ನೂ ಏಳಗೊಡಲ್ಲ. ಬಳ್ಳಾರಿ ಜಾಲಿಯ ಕತೆ ಮೇಲೆ ಓದಿದಿರಲ್ಲ. ನಿಮ್ಮ ಹತ್ತಿರವೇ ಯಡಹಳ್ಳಿ ಚಿಂಕಾರ ವನ್ಯಧಾಮ ಇದೆ. ಚಿಂಕಾರ ಎಂಬ ಹುಲ್ಲೆಗೆ ಬೇಕಾದ್ದು ಹುಲ್ಲು, ಕುರುಚಲು, ಬಯಲು. ಅಲ್ಲಿ ದಟ್ಟ ಮರ ಮಾಡಿದರೆ ಅದರ ಮನೆ ಹೋಗುತ್ತದೆ. ಬೋಳು ಗುಡ್ಡ ಕಂಡ ಕೂಡಲೇ ಖಾಲಿ ಜಾಗ ಎಂದುಕೊಳ್ಳಬೇಡಿ. ಊರ ಹತ್ತಿರ, ಹಳ್ಳದ ದಂಡೆಗೆ ಹಾಕುವುದಾದರೆ ಬನ್ನಿ, ಕಮರ, ಮುತ್ತುಗ, ಬಾರಿ ಹಾಕಿ. ಕಮರದ ಕಾಯಿಗೂ ಮುತ್ತುಗದ ಕಾಯಿಗೂ ತೆಳು ರೆಕ್ಕೆ ಇರುತ್ತದೆ. ಬೇಸಿಗೆ ಗಾಳಿಗೆ ಗಿರಗಿರ ತಿರುಗುತ್ತ ಬೀಳುತ್ತವೆ, ಆಗಲೇ ಆರಿಸಿಟ್ಟುಕೊಳ್ಳಿ.

ಹಕ್ಕಿ ಕೆಲಸ ನಾವು ಪೂರ್ತಿ ಮಾಡಲು ಆಗುವುದಿಲ್ಲ. ನಮ್ಮ ಕಡೆ ಮಂಗಟ್ಟೆ ಹಕ್ಕಿ ಇದೆ. ಹೆಣ್ಣು ಮರದ ಪೊಟರೆಯೊಳಗೆ ಕೂತು ಬಾಗಿಲು ಮೆತ್ತಿಕೊಳ್ಳುತ್ತದೆ, ಕೊಕ್ಕು ತೂರುವಷ್ಟು ಸಂದಿ ಬಿಟ್ಟು. ಗಂಡು ದಿನವಿಡೀ ಹಣ್ಣು ತಂದು ತಂದು ಕೊಡುತ್ತದೆ. ದೊಡ್ಡ ಬೀಜದ ಕಾಡು ಹಣ್ಣು ನುಂಗಲು ಪಿಕಳಾರದ ಬಾಯಿ ಸಾಲದು, ಮಂಗಟ್ಟೆಗೆ ಸಾಲುತ್ತದೆ. ಗೂಡಿನ ಮರದ ಕೆಳಗೆ ಮಳೆಗಾಲದಲ್ಲಿ ಹೋದರೆ ಬೇರೆ ಬೇರೆ ಮರಗಳ ಸಸಿಗಳು ಒತ್ತಾಗಿ ಎದ್ದಿರುತ್ತವೆ. ಒಂದು ಪೊಟರೆಯ ಮರ ಕಡಿದರೆ ಇಷ್ಟೂ ನಿಲ್ಲುತ್ತದೆ.

ಬೀಳಗಿ ಹುಡುಗರು

ಆಯಿತು ಅಣ್ಣಾ. ಸುಬಾಬುಲ್ ವಾಪಸ್ ಕೊಡುತ್ತೇವೆ. ಮುತ್ತುಗ ನಮ್ಮ ಹಳ್ಳದಲ್ಲೇ ಬಹಳ ಇದೆ.

ಬಾದಾಮಿ ಮಾಸ್ತರ

ಎಲ್ಲರಿಗೂ ವಂದನೆ. ನೀವು ಬರೆದಿದ್ದನ್ನು ಮೂರು ದಿನ ಓದಿ ಹೇಳಿದೆ. ಹುಲ್ಲಿನ ಬೀಜ ಒದ್ದೆ ಬಟ್ಟೆ ಮೇಲೆ ತಿರುಗಿದಾಗ ತರಗತಿಯಲ್ಲಿ ಸೂಜಿ ಬಿದ್ದರೂ ಕೇಳುವಷ್ಟು ಮೌನ. ಉತ್ತರಾಣಿಯಲ್ಲಿ ಒಬ್ಬ ಹುಡುಗಿ ತಾನೇ ಒಂದು ವಿಷಯ ಕಂಡುಹಿಡಿದಳು. ಕಡ್ಡಿಯ ಮೇಲಿನಿಂದ ಕೆಳಗೆ ಬೆರಳು ಆಡಿಸಿದರೆ ನುಣುಪು, ಕೆಳಗಿನಿಂದ ಮೇಲೆ ಆಡಿಸಿದರೆ ಚುಚ್ಚುತ್ತದೆ. ಪಕ್ಕದಲ್ಲಿ ಹಾದು ಹೋಗುವ ಬಟ್ಟೆಗೆ ಸಿಗಲೆಂದೇ ಹಾಗೆ ಬಾಗಿದೆ ಎಂದಳು.

ಹುನಗುಂದದ ಅಕ್ಕನ ಮಾತು ಓದುವಾಗ ನಮ್ಮ ತರಗತಿಯ ಇಬ್ಬರು, ಅವ್ವ ಇದೇ ಕೆಲಸಕ್ಕೆ ಹೋಗುತ್ತಾಳೆ ಎಂದರು. ಮರುದಿನ ಒಬ್ಬಳ ಅವ್ವ ಶಾಲೆಗೆ ಬಂದು ದಾಸವಾಳದ ಹೂವಿನಲ್ಲಿ ಮಾಡಿ ತೋರಿಸಿದರು.

ಬಂಡೆಯ ಪ್ರಶ್ನೆ ಕೇಳಿದ ಹುಡುಗ ತನ್ನದೇ ಕೆಲಸ ಶುರು ಮಾಡಿದ್ದಾನೆ. ಶಾಲೆ ಹಿಂದೆ ಒಂದು ಆಲದ ಮರ ಇದೆ. ಅಲ್ಲಿ ಹಣ್ಣು ತಿಂದ ಹಕ್ಕಿಗಳು ನಮ್ಮ ಕಾಂಪೌಂಡ್ ಗೋಡೆ ಮೇಲೆ ಬಂದು ಕೂರುತ್ತವೆ. ಗೋಡೆ ಕೆಳಗೆ ಬಿಳಿ ಪಂಜೆ ಹಾಸಿ, ಬಿದ್ದ ಹಿಕ್ಕೆ ನೀರಲ್ಲಿ ಕದಡಿ, ಚಹಾ ಸೋಸುವ ಜಾಲರಿಯಲ್ಲಿ ಸೋಸಿದೆವು. ನಾಲ್ಕು ಹಿಕ್ಕೆಯಲ್ಲಿ 61 ಬೀಜ. ಎಣಿಸಿದ್ದು ಅವನೇ, ಎರಡು ಸಲ. ಕೆಂಪು ಕಲ್ಲು ಪುಡಿ ಮಾಡಿ, ಸ್ವಲ್ಪ ದೂಳು ಬೆರೆಸಿ, ಒಡೆದ ಹಂಚಿನ ಮೇಲೆ ಉದುರಿಸಿದ್ದಾನೆ. ಗೊಬ್ಬರ ಹಾಕೋಣ ಎಂದರೆ, "ಬಂಡಿ ಮ್ಯಾಲೆ ಗೊಬ್ಬರ ಎಲ್ಲಿಂದ ಬರ್ಬೇಕ್ರಿ" ಎಂದ. ದಿನಕ್ಕೆ ಎಷ್ಟು ನೀರು ಹಾಕಬೇಕು?

ಸಸ್ಯಶಾಸ್ತ್ರ ಟೀಚರ್, ಬೆಳಗಾವಿ

ಸುರಿಯಬೇಡಿ, ಬೀಜ ಕೊಚ್ಚಿ ಹೋಗುತ್ತದೆ. ಕೈ ಅದ್ದಿ ಚಿಮುಕಿಸಿ, ಬೆಳಿಗ್ಗೆ ಸಂಜೆ. ಬೀಜವನ್ನು ಮಣ್ಣಿನಿಂದ ಮುಚ್ಚಬೇಡಿ, ಅದಕ್ಕೆ ಬೆಳಕು ಬೇಕು. ಮೇಲೆ ಒಂದು ಗಾಜು ಮುಚ್ಚಿಟ್ಟರೆ ತೇವ ನಿಲ್ಲುತ್ತದೆ. ಚಳಿ ಇದೆ, ನಿಧಾನ ಆಗಬಹುದು. ಇರುವೆ ಬಾರದ ಹಾಗೆ ಹಂಚನ್ನು ನೀರಿನ ತಟ್ಟೆಯ ನಡುವೆ ಕಲ್ಲಿಟ್ಟು ಅದರ ಮೇಲೆ ಇಡಿ.

ಬಾದಾಮಿ ಮಾಸ್ತರ

ಇಪ್ಪತ್ಮೂರನೇ ದಿನ. 61ರಲ್ಲಿ ಒಂಬತ್ತು ಎದ್ದಿವೆ. ಎರಡೆರಡು ಎಲೆ, ಒಂದೊಂದೂ ಸಾಸಿವೆ ಕಾಳಿನಷ್ಟು. ಸೋಮವಾರದಿಂದ ಚಿಮುಕಿಸುವುದನ್ನು ಒಂದು ಹೊತ್ತಿಗೆ ಇಳಿಸುತ್ತಾನಂತೆ.